ಮರಳುಗಾಡಿನಲ್ಲೊಂದು ಪಾದಯಾತ್ರೆ

2019ರ ಏಪ್ರಿಲ್ 6ನೆಯ ತಾರೀಖು ಯುಗಾದಿ. ಆ ದಿನ ಶ್ರೀಶೈಲದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲವೆಂಬುದು ನಮ್ಮ ಉತ್ತರ ಕರ್ನಾಟಕದ ಮನೆಮನೆಗೂ ತಿಳಿದ ಮಾತು. ಅಂಥ ದಿನ ನಾವು ಗಂಡಹೆಂಡಿರಿಬ್ಬರೂ ಆಫ್ರಿಕಾ ಖಂಡದ ಮೊರಾಕ್ಕೊ ದೇಶದಲ್ಲಿ, ಸಹಾರಾ ಮರುಭೂಮಿಯ ಅಂಚಿನ ಒಂದು ಬಟ್ಟಬಯಲಿನಲ್ಲಿ, ನಮ್ಮ ಬೆನ್ನಚೀಲಗಳನ್ನು ತೂಕಕ್ಕೆ ಒಪ್ಪಿಸಲು ಸಾಲಿನಲ್ಲಿ ನಿಂತಿದ್ದೆವು. ಬೆಳಿಗ್ಗೆ ಗುಡಾರದಲ್ಲಿ ಲಿಂಗಪೂಜೆ ಮುಗಿಸಿ, ಊರಿನಿಂದ ಕಾಗದದ ಪೊಟ್ಟಣದಲ್ಲಿ ತಂದಿದ್ದ ಒಣ ಬೇವಿನ ಹೂವನ್ನು ಒಂದು ಚೂರು ಬೆಲ್ಲದೊಡನೆ ಬಾಯಿಗೆ ಹಾಕಿಕೊಂಡದ್ದೇ ನಮ್ಮ ಆ ವರ್ಷದ ಹಬ್ಬ.

ನಾವು ಹೋದದ್ದು ‘ಮರಾಥಾನ್ ದೆ ಸಾಬ್ಲ್’ ಎಂಬ ಓಟಕ್ಕೆ. ಫ್ರೆಂಚ್ ಭಾಷೆಯ ಈ ಹೆಸರಿಗೆ ಮರಳಿನ ಮ್ಯಾರಥಾನ್ ಎಂದರ್ಥ. ಒಂದು ವಾರದ ಅವಧಿಯಲ್ಲಿ ಸುಮಾರು 230ರಿಂದ 250 ಕಿ.ಮೀ. ದೂರವನ್ನು, ತನ್ನ ಅನ್ನವನ್ನು ತಾನೇ ಹೊತ್ತುಕೊಂಡು, ಮರಳುಗಾಡಿನಲ್ಲಿ ಕ್ರಮಿಸಬೇಕು. ಇದನ್ನು ಹುಟ್ಟುಹಾಕಿದವರು ಪ್ಯಾಟ್ರಿಕ್ ಬಾವೆರ್ ಎಂಬ ಫ್ರಾನ್ಸ್ ದೇಶದವರು. ಸಂಗೀತ ಕಚೇರಿಗಳನ್ನು ಏರ್ಪಡಿಸುವುದು ಅವರ ವೃತ್ತಿಯಾಗಿತ್ತು. 1984ರಲ್ಲಿ ಅವರು ಅಲ್ಜೀರಿಯಾದ ಸಹಾರಾದಲ್ಲಿ ಒಬ್ಬರೇ, ಬೇಕಾದುದೆಲ್ಲವನ್ನೂ ಬೆನ್ನ ಮೇಲೆ ಹೊತ್ತು, 12 ದಿನಗಳಲ್ಲಿ 350 ಕಿ.ಮೀ. ನಡೆದರು. ಆ ಅನುಭವವನ್ನು ಇತರರಿಗೂ ಹಂಚಬೇಕೆನಿಸಿ 1986ರಲ್ಲಿ ಮೊದಲ ಓಟವನ್ನು ನಡೆಸಿದಾಗ ಬಂದವರು 23 ಮಂದಿ. ನಾವು ಹೋದ ವರ್ಷ ಸುಮಾರು 800 ಮಂದಿ ಇದ್ದರು.

ಓಟವೆಂದು ಬರೆದೆವಾದರೂ ಅಲ್ಲಿ ಬಂದವರಲ್ಲಿ ಬಹಳ ಜನ ನಡೆಯುವವರೇ. ಇದು ತಿಳಿದ ಮೇಲೆಯೇ ನಮಗೆ ಧೈರ್ಯ ಬಂದದ್ದು. ನಾವಿಬ್ಬರೂ ಐವತ್ತು ದಾಟಿದವರು, ಓಡಿದವರಲ್ಲ. ಆದರೆ ಮಲ್ಲಯ್ಯನ ಕಂಬಿಯ ಹಿಂದೆ ಹನ್ನೊಂದು ವರ್ಷ ಶ್ರೀಶೈಲಕ್ಕೆ ನಡೆದವರು. ವಿಜಯಪುರ ಸೀಮೆಯ ನಮ್ಮ ಊರಿನಿಂದ ಸುಮಾರು ನಾನೂರು ಕಿಲೋಮೀಟರು. ಚೈತ್ರದ ಹೊಸಿಲಿನ ಬಿಸಿಲು. ಕಡೆಗೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಏರಿಳಿತ. ಮರಗಾಲು ಕಟ್ಟಿಕೊಂಡು ಅಷ್ಟು ದೂರ ನಡೆಯುವವರನ್ನು ಕಣ್ಣಾರೆ ಕಂಡ ಮೇಲೆ ಬೂಟು ಹಾಕಿಕೊಂಡು ನಡೆಯುವುದು ಏನು ಮಹಾ ಎಂಬ ಸಣ್ಣದೊಂದು ಗರ್ವವೂ ನಮ್ಮೊಳಗೆ ಇತ್ತೆಂದು ಒಪ್ಪಿಕೊಳ್ಳಬೇಕು. ಹೊರದೇಶದಲ್ಲಿ ಕೆಲಸದಲ್ಲಿರುವ ನಮ್ಮ ಮಗ ಈ ಓಟದ ಚಿತ್ರವೊಂದನ್ನು ತೋರಿಸಿ, ‘ಅಪ್ಪಾ, ಇದು ನಿಮ್ಮ ಪಾದಯಾತ್ರೆನೇ ಐತಿ’ ಎಂದು ನಕ್ಕದ್ದೇ ನೆಪವಾಯಿತು. ವೆಚ್ಚದ ಮಾತು ಬೇಡ. ಆ ಹಣದಲ್ಲಿ ಒಂದು ಕೊಳವೆಬಾವಿ ತೋಡಿಸಬಹುದಿತ್ತೆಂದು ನಮ್ಮ ಅಣ್ಣನವರು ಇಂದಿಗೂ ಅನ್ನುತ್ತಾರೆ.

ಆದರೆ ಮಗ ಹೇಳಿದ ಮಾತು ಅರ್ಧ ಮಾತ್ರ ನಿಜ. ಶ್ರೀಶೈಲದ ಹಾದಿಯಲ್ಲಿ ಯಾತ್ರಿಕನು ಹೊರಬೇಕಾದದ್ದು ಏನೂ ಇಲ್ಲ. ಊರೂರಿಗೆ ಚಪ್ಪರ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿರೊಟ್ಟಿ ಇಟ್ಟುಕೊಂಡು ಜನ ಕಾದಿರುತ್ತಾರೆ. ‘ಬರ್ರಿ, ಕೂಡ್ರಿ’ ಎಂದು ಕೈಹಿಡಿದು ಕೂಡಿಸಿ, ಬಿಸಿನೀರಿನಲ್ಲಿ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ಮರಳಿನ ಓಟದ ಧರ್ಮವೇ ಬೇರೆ. ಅಲ್ಲಿ ಹೊರಗಿನವರಿಂದ ಒಂದು ಖರ್ಜೂರವನ್ನೂ ಪಡೆಯುವಂತಿಲ್ಲ. ಸಂಘಟಕರು ಕೊಡುವುದು ಅಳೆದ ನೀರು, ರಾತ್ರಿಗೆ ಎಂಟು ಜನರಿಗೊಂದು ಗುಡಾರ, ಕಾಯಿಲೆಗೆ ವೈದ್ಯರು. ಉಳಿದುದೆಲ್ಲವೂ ನಮ್ಮ ಬೆನ್ನ ಮೇಲೆ. ಚೀಲದ ತೂಕ ಆರೂವರೆ ಕಿಲೋಗಿಂತ ಕಡಿಮೆಯೂ ಹದಿನೈದು ಕಿಲೋಗಿಂತ ಹೆಚ್ಚೂ ಇರಬಾರದು. ದಿನಕ್ಕೆ ಕನಿಷ್ಠ 2000 ಕ್ಯಾಲರಿಯಂತೆ ಆಹಾರ ಇರಲೇಬೇಕು. ದಿಕ್ಸೂಚಿ, ಸೀಟಿ, ಚಾಕು, ಬೆಳಕು ಬೀರುವ ಕನ್ನಡಿ, ಹಾವು ಚೇಳುಗಳ ವಿಷ ಹೀರುವ ಸಣ್ಣ ಪಂಪು, ಹತ್ತು ಸೇಫ್ಟಿಪಿನ್ನು ಇವೆಲ್ಲ ಆಗ ಕಡ್ಡಾಯವಾಗಿದ್ದುವು. ಹೃದಯದ ಇ.ಸಿ.ಜಿ. ಕಾಗದವನ್ನು ವೈದ್ಯರು ನೋಡಿ ಒಪ್ಪಿದ ಮೇಲೆಯೇ ಎದೆಗೆ ಕಟ್ಟುವ ಸಂಖ್ಯೆಯ ಬಟ್ಟೆ ಸಿಗುವುದು.

ಇತರರ ಚೀಲಗಳಲ್ಲಿ ಬಿಸಿನೀರು ಹಾಕಿದರೆ ಊಟವಾಗುವ ಪುಡಿಯ ಪೊಟ್ಟಣಗಳಿದ್ದುವು. ನಮ್ಮದು ಶ್ರೀಮತಿಯವರ ಅಡಿಗೆಮನೆಯ ಸರಕು: ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ, ಅಂಟಿನುಂಡೆ. ಒಣಕೊಬ್ಬರಿ, ಉತ್ತತ್ತಿ, ತುಪ್ಪ ಬಿದ್ದ ಅಂಟಿನುಂಡೆಯಷ್ಟು ಕಡಿಮೆ ತೂಕದಲ್ಲಿ ಅಷ್ಟು ಶಕ್ತಿಯನ್ನು ಅಡಗಿಸಿಟ್ಟ ವಸ್ತುವನ್ನು ನಾವು ಆ ಬಯಲಿನ ಯಾವ ಪೊಟ್ಟಣದಲ್ಲಿಯೂ ಕಾಣಲಿಲ್ಲ. ತಪಾಸಣೆಯ ಮೇಜಿನಲ್ಲಿ ಕುಳಿತಿದ್ದ ತರುಣಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕ್ಯಾಲರಿಯ ಚೀಟಿ ಎಲ್ಲಿ ಎಂದು ಕೇಳಿದಳು. ಪ್ರತಿಯೊಂದನ್ನೂ ತೂಗಿ, ಲೆಕ್ಕಹಾಕಿ, ಕೈಬರಹದ ಚೀಟಿ ಅಂಟಿಸಿಯೇ ತಂದಿದ್ದೆವು. ಅವಳು ಒಂದು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡು, ನಕ್ಕು, ಮುದ್ರೆ ಒತ್ತಿದಳು.

ಮೊರಾಕ್ಕೊದ ಈ ಆಗ್ನೇಯ ಭಾಗದ ವಿಷಯವಾಗಿ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾಗದು. ಸಹಾರಾ ಎಂದರೆ ಕಣ್ಣು ಹಾಯುವವರೆಗೂ ಮರಳೇ ಎಂದು ನಾವು ಎಣಿಸಿದ್ದೆವು. ಹಾಗಿಲ್ಲ. ಅದರ ಬಹುಪಾಲು ಕಲ್ಲುಬಯಲು. ಕಪ್ಪು ಕಲ್ಲು ಹಾಸಿದ ನೆಲ, ಒಣಗಿದ ಹಳ್ಳಗಳು, ಬಿರುಕುಬಿಟ್ಟ ಕೆರೆಯಂಗಳಗಳು, ಬೋಳು ಬೆಟ್ಟಗಳು. ನಮ್ಮ ಬಯಲುಸೀಮೆಯ ಬೇಸಗೆಯ ಹೊಲಗಳನ್ನು ನೋಡಿದವರಿಗೆ ಇದು ತೀರ ಪರಕೀಯವೆನಿಸುವುದಿಲ್ಲ. ನಡುನಡುವೆ ಮಾತ್ರ ಮರಳಿನ ರಾಶಿಗಳು. ಮೆರ್ಜೂಗಾ ಎಂಬ ಹಳ್ಳಿಯ ಬಳಿಯ ‘ಎರ್ಗ್ ಶೆಬ್ಬಿ’ ದಿಬ್ಬಗಳು ಅವುಗಳಲ್ಲಿ ಹೆಸರಾದವು. ಕೆಲವು ನೂರೈವತ್ತು ಮೀಟರಿನಷ್ಟು ಎತ್ತರ. ಕಾಲಕೆಳಗಿನ ಕಲ್ಲುಗಳಲ್ಲಿಯೋ, ಕಡಲಜೀವಿಗಳ ಅಚ್ಚು! ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತಂತೆ. ಎರ್ಫೂದ್ ಪಟ್ಟಣದಲ್ಲಿ ಈ ಕಲ್ಲುಗಳನ್ನು ಕೊರೆದು, ಉಜ್ಜಿ, ಮೇಜಿನ ಹಲಗೆಗಳನ್ನಾಗಿ ಮಾಡಿ ಮಾರುವುದು ಅನೇಕ ಕುಟುಂಬಗಳ ಕಾಯಕ.

ಅಲ್ಲಿಯೇ ಹತ್ತಿರದ ತಾಫಿಲಾಲ್ತ್ ಎಂಬ ಖರ್ಜೂರದ ತೋಪುಗಳ ಸೀಮೆಯಲ್ಲಿ ‘ಖೆತ್ತಾರ’ ಎಂಬ ನೆಲದಡಿಯ ಕಾಲುವೆಗಳಿವೆ. ಮೇಲಿನಿಂದ ನೋಡಿದರೆ ಇರುವೆಗೂಡಿನಂಥ ಮಣ್ಣಿನ ಗುಪ್ಪೆಗಳ ಸಾಲು. ಒಳಗೆ ಸುರಂಗದಲ್ಲಿ ಬೆಟ್ಟದ ತಪ್ಪಲಿನ ಅಂತರ್ಜಲ ಬಿಸಿಲಿಗೆ ಮೈಯೊಡ್ಡದೆ ಊರಿಗೆ ಹರಿದು ಬರುತ್ತದೆ. ಬೀದರದ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಕರೇಜ್ ನೋಡಿದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರ್ಷಿಯಾದಲ್ಲಿ ಹುಟ್ಟಿದ ಒಂದೇ ವಿದ್ಯೆ ಪೂರ್ವಕ್ಕೂ ಪಶ್ಚಿಮಕ್ಕೂ ಹಬ್ಬಿದೆ. ರಿಸ್ಸಾನಿ ಎಂಬ ಊರಿನ ಮಗ್ಗುಲಲ್ಲಿ ಸಿಜಿಲ್‌ಮಾಸಾ ಎಂಬ ಹಳೆಯ ನಗರದ ಮಣ್ಣಿನ ಗೋಡೆಗಳು ಉಳಿದಿವೆ. ಮರುಭೂಮಿ ದಾಟಿ ಬರುತ್ತಿದ್ದ ಚಿನ್ನದ ವ್ಯಾಪಾರದಿಂದ ಮೆರೆದ ನಗರವದು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದಿಟ್ಟ ಇಬ್ನ್ ಬತೂತ 1352ರಲ್ಲಿ ಒಂಟೆಗಳ ತಂಡದೊಡನೆ ಸಹಾರಾ ದಾಟಲು ಹೊರಟದ್ದು ಇಲ್ಲಿಂದಲೇ.

ಇನ್ನು ನಡಿಗೆಗೆ ಬರೋಣ. ಗುಡಾರಗಳನ್ನು ಕಟ್ಟುವವರು, ಬಿಚ್ಚುವವರು ಆ ನಾಡಿನ ಅಮಾಝಿಗ್ ಜನ. ಹೊರಗಿನವರು ಬೆರ್ಬೆರ್ ಎನ್ನುತ್ತಾರೆ. ನಸುಕಿನಲ್ಲಿ ಅವರು ಬಂದು, ಮಲಗಿದವರು ಎದ್ದರೋ ಇಲ್ಲವೋ ನೋಡದೆ, ಕೋಲು ಕಿತ್ತು ಗುಡಾರವನ್ನು ಎಳೆದುಕೊಂಡು ಹೋಗಿಬಿಡುತ್ತಾರೆ. ಪೂಜೆಗೆ ಕುಳಿತ ನಮ್ಮ ತಲೆಯ ಮೇಲಿಂದ ಛಾವಣಿ ಹಾರಿಹೋದದ್ದು ಒಂದು ದಿನದ ಮಾತಲ್ಲ. ಎರಡನೆಯ ದಿನದಿಂದ ಅವರಲ್ಲಿ ಹಿರಿಯನೊಬ್ಬ ನಾವು ಅಂಗೈಯಲ್ಲಿ ಲಿಂಗವಿಟ್ಟು ಕುಳಿತುದನ್ನು ಕಂಡು, ಉಳಿದವರಿಗೆ ಕೈಸನ್ನೆ ಮಾಡಿ, ನಮ್ಮ ಗುಡಾರವನ್ನು ಕಡೆಗೆ ಬಿಚ್ಚುವಂತೆ ಮಾಡಿದ. ಅವನಿಗೆ ನಮ್ಮ ಭಾಷೆ ಬಾರದು, ನಮಗೆ ಅವನದು ಬಾರದು.

ನೀರಿನ ಮಾತನ್ನು ಮನೆಯಲ್ಲಿಯೇ ಬಹಳ ಚರ್ಚಿಸಿದ್ದೆವು. ಅಲ್ಲಿ ಆಗ ನೀರು ಕೊಡುತ್ತಿದ್ದುದು ಒಂದೂವರೆ ಲೀಟರಿನ ಬಾಟಲಿಗಳಲ್ಲಿ, ತಾಣತಾಣಕ್ಕೆ, ಚೀಟಿಗೆ ತೂತು ಹೊಡೆದು. ಬಾಟಲಿಯ ಮೇಲೆಯೂ ಮುಚ್ಚಳದ ಮೇಲೆಯೂ ನಮ್ಮ ಸಂಖ್ಯೆ ಬರೆದಿರುತ್ತಿತ್ತು. ಮರುಭೂಮಿಯಲ್ಲಿ ಎಸೆದದ್ದು ಸಿಕ್ಕರೆ ದಂಡ. ಕುಡಿಯಲು, ಬೇಯಿಸಲು, ತೊಳೆಯಲು ಎಲ್ಲಕ್ಕೂ ಅದೇ. ಹೀಗಿರುವಾಗ ಸ್ನಾನವೆಲ್ಲಿ, ಮಜ್ಜನವೆಲ್ಲಿ? ಮಿಂದು ಪೂಜೆ ಮಾಡಿ ರೂಢಿಯಾದ ನಮಗೆ ಮೊದಲ ದಿನ ಮನಸ್ಸು ಒಪ್ಪಲಿಲ್ಲ. ಶ್ರೀಮತಿಯವರೇ, ‘ವಿಭೂತಿ ಹಚ್ಚಿಕೊಂಡ್ರ ಅದೂ ಸ್ನಾನನs ಅಲ್ಲೇನ್ರೀ’ ಎಂದು ತೀರ್ಪು ಕೊಟ್ಟರು. ಬಾಟಲಿಯ ಮುಚ್ಚಳದ ತುಂಬ ನೀರು ಇಬ್ಬರ ಲಿಂಗಗಳಿಗೂ ಸಾಕಾಯಿತು. ಆ ನೀರೂ ನೆಲಕ್ಕೆ ಹೋಗಲಿಲ್ಲ. ಲಿಂಗೋದಕವಾಗಿ ನಮ್ಮ ನಾಲಗೆಗೇ ಬಂತು. ಊರಿನಲ್ಲಿ ತಂಬಿಗೆಗಟ್ಟಲೆ ಸುರಿಯುವ ನಾವು ಆ ಒಂದು ಮುಚ್ಚಳದ ನೀರು ಅಂಗೈಯಲ್ಲಿ ಎಲ್ಲಿ ಹರಿದು ಎಲ್ಲಿ ನಿಲ್ಲುವುದೆಂಬುದನ್ನು ಅಷ್ಟು ಲಕ್ಷ್ಯವಿಟ್ಟು ನೋಡಿದ್ದು ಅದೇ ಮೊದಲು.

ಮೊದಲ ದಿನದ 32 ಕಿ.ಮೀ. ಸುಖವಾಗಿ ಮುಗಿಯಿತು. ಹೊರಡುವ ಮುನ್ನ ಬಾವೆರ್ ಅವರು ವಾಹನದ ನೆತ್ತಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. ಆ ದಿನ ಹುಟ್ಟುಹಬ್ಬವಿದ್ದವರಿಗೆಲ್ಲ ಹಾಡು ಹೇಳಿಸುತ್ತಿದ್ದರು. ಬಳಿಕ ಕಿವಿ ಕಿವುಡಾಗುವಂಥ ಇಂಗ್ಲಿಷ್ ಸಂಗೀತ, ತಲೆ ಸವರಿ ಹೋಗುವ ಹೆಲಿಕಾಪ್ಟರು. ಇದೆಲ್ಲ ನಮಗೆ ರುಚಿಸಲಿಲ್ಲ. ಹತ್ತು ನಿಮಿಷ ನಡೆದರೆ ಗದ್ದಲವೆಲ್ಲ ಹಿಂದುಳಿದು, ಕಲ್ಲಿನ ಮೇಲೆ ಬೂಟಿನ ಸಪ್ಪಳವೊಂದೇ ಕೇಳುತ್ತಿತ್ತು.

ಎರಡನೆಯ ದಿನ ಮೆರ್ಜೂಗಾದ ದಿಬ್ಬಗಳು, ಸುಮಾರು 13 ಕಿ.ಮೀ. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರಬೇಕು. ಅಲ್ಲಿಯ ಮರಳು ನಮ್ಮ ಹೊಳೆಯ ಮರಳಲ್ಲ, ಜರಡಿ ಹಿಡಿದ ರವೆ; ಎಲ್ಲಿ ಸಂದು ಸಿಕ್ಕರೂ ನುಗ್ಗುತ್ತದೆ. ಅದನ್ನು ತಡೆಯಲು ಬೂಟಿನ ಸುತ್ತ ತೆಳುಬಟ್ಟೆಯ ಗವಸು ಕೂಡಿಸಬೇಕು. ಶ್ರೀಮತಿಯವರು ತಮ್ಮ ಬೂಟುಗಳನ್ನು ನಮ್ಮ ಊರಿನಲ್ಲಿ ಹರಳಯ್ಯನವರ ಕಾಯಕ ಮಾಡಿಕೊಂಡಿರುವ ಹಿರಿಯರೊಬ್ಬರ ಬಳಿಗೆ ಒಯ್ದು, ಅಟ್ಟೆಯ ಅಂಚಿನ ಸುತ್ತ ಗವಸನ್ನು ಮೇಣದ ದಾರದಿಂದ ಹೊಲಿಸಿದ್ದರು. ನಾವು ಪುಸ್ತಕ ಓದಿ, ಅಂಗಡಿಯ ಅಂಟು ತಂದು, ನಮ್ಮದನ್ನು ನಾವೇ ಅಂಟಿಸಿಕೊಂಡಿದ್ದೆವು. ಯಾರ ಸಹಾಯವೂ ಇಲ್ಲದೆ ನಡೆಯುವ ಓಟಕ್ಕೆ ಬೂಟನ್ನೂ ಸ್ವಂತ ಕೈಯಿಂದಲೇ ಸಿದ್ಧಪಡಿಸಿಕೊಳ್ಳಬೇಕೆಂಬ ಹಟ. ನಾಲ್ಕನೆಯ ದಿಬ್ಬದ ಮೇಲೆ ಬಿಸಿಗೆ ಅಂಟು ಕರಗಿ ಎಡಗಾಲಿನ ಗವಸು ಬಾಯಿ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನದೂ. ಸಂಜೆ ಕಾಲುಚೀಲ ತೆಗೆದಾಗ ಎರಡೂ ಅಂಗಾಲುಗಳಲ್ಲಿ ಅಂಗೈಯಗಲದ ಬೊಕ್ಕೆಗಳು.

ಆ ದಿನವೇ ಎಲ್ಲಿಂದಲೋ ಒಂದು ನಾಯಿ ಬಂದು ಓಟವನ್ನು ಸೇರಿತು. ಜನ ಅದಕ್ಕೆ ಕ್ಯಾಕ್ಟಸ್ ಎಂದು ಹೆಸರಿಟ್ಟರು. ಚೀಲವಿಲ್ಲ, ಬೂಟಿಲ್ಲ; ಕಡೆಯವರೆಗೂ ಎಲ್ಲರಿಗಿಂತ ಹಗುರಾಗಿ ಓಡಿತು. ಪಾದಯಾತ್ರೆಗೂ ಒಂದು ಊರನಾಯಿ ಬೆನ್ನುಹತ್ತಿ ಬರುವುದುಂಟು. ‘ಇಲ್ಲಿಗೂ ಬಂತಲ್ರೀ’ ಎಂದು ಶ್ರೀಮತಿಯವರಿಗೆ ಬಹಳ ಸಂತೋಷ.

ಮೂರನೆಯ ದಿನ 37 ಕಿ.ಮೀ. ಅದನ್ನು ಹಲ್ಲುಕಚ್ಚಿ ಮುಗಿಸಿದೆವು. ಅದಕ್ಕೆ ಇನ್ನೊಂದು ಪೀಡೆ ಸೇರಿತು. ನಮ್ಮ ತಂದೆಯವರಿಂದ ಬಂದ ಬೆಳ್ಳಿಯ ಗುಂಡಗಡಗಿಯನ್ನು ನಾವು ಕೊರಳಲ್ಲಿ ಧರಿಸಿದ್ದೆವು. ಶ್ರೀಮತಿಯವರು ಭಾರವೆಂದು ಬೆಳ್ಳಿಯನ್ನು ಮನೆಯಲ್ಲಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡಿದ್ದರು. ಚೀಲದ ಎದೆಪಟ್ಟಿ ಗುಂಡಗಡಗಿಯನ್ನು ಒತ್ತಿ ಒತ್ತಿ ಎದೆಯ ಚರ್ಮ ಕಿತ್ತುಬಂದಿತ್ತು. ವೈದ್ಯರ ಗುಡಾರದಲ್ಲಿ ಪಟ್ಟಿ ಕಟ್ಟುವ ಹೆಣ್ಣುಮಗಳು ‘ಇದನ್ನು ತೆಗೆದಿಡಿ’ ಎಂದಳು. ಪ್ರಾಣವಿರುವವರೆಗೆ ತೆಗೆದಿಡುವುದಲ್ಲ ಎಂದು ನಮ್ಮ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆವು. ಅವಳು ವಾದಿಸಲಿಲ್ಲ. ಗುಂಡಗಡಗಿಯನ್ನು ನಮ್ಮ ಅಂಗೈಯಲ್ಲಿಯೇ ಹಿಡಿಸಿ, ಗಾಯಕ್ಕೆ ಪಟ್ಟಿ ಹಾಕಿದಳು. ಲಿಂಗವನ್ನು ಸುತ್ತಿಕೊಳ್ಳಲು ತನ್ನ ಪೆಟ್ಟಿಗೆಯಿಂದ ಒಂದು ಮಡಿ ಬಟ್ಟೆಯ ತುಂಡನ್ನೂ ಕೊಟ್ಟಳು. ಬೆಳ್ಳಿ ಅಂದಿನಿಂದ ಚೀಲ ಸೇರಿತು.

ಆ ರಾತ್ರಿ ಗುಡಾರದಲ್ಲಿ ಯಾರಿಗೂ ನಿದ್ದೆಯಿಲ್ಲ. ಮರುದಿನ ದೊಡ್ಡ ನಡಿಗೆ, 76 ಕಿ.ಮೀ., ಹಗಲೂ ರಾತ್ರಿ. ಮಾತು ಮಾವ್ರೊ ಪ್ರೊಸ್ಪೆರಿಯವರತ್ತ ತಿರುಗಿತು. ಇಟಲಿಯ ಈ ಓಟಗಾರ 1994ರಲ್ಲಿ ಇಂಥದೇ ದೊಡ್ಡ ನಡಿಗೆಯ ದಿನ ಮರಳ ಬಿರುಗಾಳಿಗೆ ಸಿಕ್ಕರು. ಗಾಳಿ ನಿಂತಾಗ ದಾರಿಯ ಗುರುತು ಇಲ್ಲ, ಜನರಿಲ್ಲ. ಒಬ್ಬ ಮುಸ್ಲಿಮ್ ಸಂತನ ಪಾಳುಬಿದ್ದ ಸಮಾಧಿಗುಡಿಯಲ್ಲಿ ಆಶ್ರಯ ಪಡೆದರು. ಅಲ್ಲಿದ್ದ ಬಾವಲಿಗಳೇ ಆಹಾರವಾದುವು. ಬದುಕುವ ಆಸೆ ಬಿಟ್ಟು ಮಣಿಕಟ್ಟನ್ನು ಕೊಯ್ದುಕೊಂಡರೂ ನೀರಿಲ್ಲದೆ ಗಟ್ಟಿಯಾದ ರಕ್ತ ಹರಿಯಲಿಲ್ಲ. ಮತ್ತೆ ಎದ್ದು ನಡೆದರು. ಸುಮಾರು ಹತ್ತು ದಿನಗಳ ಬಳಿಕ ಅಲೆಮಾರಿ ಜನರ ಕಣ್ಣಿಗೆ ಬಿದ್ದಾಗ ಅವರು ಗಡಿ ದಾಟಿ ಅಲ್ಜೀರಿಯಾದಲ್ಲಿದ್ದರು, ಹಾದಿಯಿಂದ ಇನ್ನೂರೈವತ್ತು ಕಿ.ಮೀ.ಗೂ ಆಚೆ. ಆ ಮನುಷ್ಯ ಮುಂದೆ ಮತ್ತೆ ಇದೇ ಓಟಕ್ಕೆ ಬಂದರೆಂಬುದು ಎಲ್ಲಕ್ಕಿಂತ ವಿಚಿತ್ರ. ಈಗ ಪ್ರತಿಯೊಬ್ಬರ ಚೀಲಕ್ಕೂ ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರ ಕಟ್ಟಿರುತ್ತಾರೆ. ಹಾಗೆಂದು ಅಪಾಯ ತೀರಿತೆಂದಲ್ಲ. 2021ರ ಅಕ್ಟೋಬರಿನಲ್ಲಿ ನಡೆದ ಓಟದಲ್ಲಿ ಬಿಸಿಲಿನ ಝಳ ಮತ್ತು ಹೊಟ್ಟೆಯ ಬೇನೆಯಿಂದ ಅರ್ಧದಷ್ಟು ಮಂದಿ ನಡುದಾರಿಯಲ್ಲಿ ಬಿಟ್ಟರು. ಫ್ರಾನ್ಸಿನ ಓಟಗಾರರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ನಮ್ಮ ಲೇಖನ ಓದಿ ಯಾರಾದರೂ ತರುಣರು ಸಿದ್ಧತೆಯಿಲ್ಲದೆ ಹೊರಟರೆ ಆ ಪಾಪ ನಮಗೆ ಬೇಡ.

ದೊಡ್ಡ ನಡಿಗೆಯ ದಿನ ಮುಂಚೂಣಿಯ ಐವತ್ತು ಓಟಗಾರರನ್ನು ಮೂರು ಗಂಟೆ ತಡವಾಗಿ ಬಿಡುತ್ತಾರೆ. ಮಧ್ಯಾಹ್ನದ ಮೇಲೆ ಅವರು ನಮ್ಮ ಹಿಂದಿನಿಂದ ಬಂದು, ದಾಟಿ, ನೋಡನೋಡುತ್ತಿದ್ದಂತೆ ಚುಕ್ಕಿಯಾದರು. ಎಲ್ಲರಿಗಿಂತ ಮುಂದೆ ರಶೀದ್ ಎಲ್ ಮೊರಾಬಿತಿ; ಹತ್ತಿರದ ಝಗೋರಾ ಸೀಮೆಯವರು, ಆ ವರ್ಷವೂ ಗೆದ್ದರು. ಅವರಿಗಿಂತ ಮುಂಚೆ ಅದೇ ಸೀಮೆಯ ಲಹ್ಸೆನ್ ಅಹನ್ಸಾಲ್ ಹತ್ತು ಸಲ ಗೆದ್ದಿದ್ದರು. ಮರಳಿನ ಮೇಲೆ ಕಾಲು ಹೂಳದಂತೆ ಅವರು ಹೆಜ್ಜೆ ಇಡುವ ರೀತಿಯನ್ನು ಹೇಳಲು ನಮಗೆ ಮಾತು ಸಾಲದು. ಶ್ರೀಮತಿಯವರು ಚಪ್ಪಾಳೆ ತಟ್ಟಿದರು. ನಾವು ಆ ನೆಪದಲ್ಲಿ ಎರಡು ನಿಮಿಷ ಕೋಲೂರಿ ನಿಂತೆವು.

ಸಾಲಿನ ಕಟ್ಟಕಡೆಗೆ ಎರಡು ಒಂಟೆಗಳು ನಡೆದು ಬರುತ್ತಿದ್ದುವು. ಅವು ದಾಟಿದರೆ ಓಟ ಮುಗಿದಂತೆ. ಸಂಜೆಯ ಹೊತ್ತಿಗೆ ಅವುಗಳ ಉದ್ದನೆಯ ನೆರಳು ನಮ್ಮ ಪಕ್ಕಕ್ಕೆ ಬರತೊಡಗಿತ್ತು. ನಮ್ಮ ಕಾಲು ನೆಲಕ್ಕೆ ತಾಗಿದರೆ ಕಣ್ಣು ಕತ್ತಲಿಡುತ್ತಿತ್ತು; ಶ್ರೀಮತಿಯವರು ನಾಲ್ಕು ಹೆಜ್ಜೆ ಮುಂದೆ ಹೋಗುವರು, ನಿಲ್ಲುವರು, ಹಿಂದೆ ನೋಡುವರು. ಅವರ ನಡಿಗೆಯನ್ನು ನಾವು ತಿನ್ನುತ್ತಿದ್ದೇವೆಂಬುದು ಹಗಲೆಲ್ಲ ಗೊತ್ತಿದ್ದೂ ಆಡದ ಮಾತಾಗಿತ್ತು.

ಕತ್ತಲಾದ ಮೇಲೆ, ಸುಮಾರು 45 ಕಿ.ಮೀ. ಕಳೆದು, ನೀರಿನ ತಾಣವೊಂದನ್ನು ಮುಟ್ಟಿದೆವು. ವೈದ್ಯರು ಕಾಲುಚೀಲವನ್ನು ಕತ್ತರಿಯಿಂದ ಕತ್ತರಿಸಿಯೇ ತೆಗೆಯಬೇಕಾಯಿತು. ಹಿಮ್ಮಡಿಯಿಂದ ಮೇಲಕ್ಕೆ ಕೆಂಪು ಗೆರೆ ಹತ್ತಿತ್ತು. ನಂಜು ಏರುತ್ತಿದೆ, ಮುಂದೆ ಹೋಗಬೇಡಿ ಎಂದರು. ಅಪ್ಪಣೆಯಲ್ಲ, ಸಲಹೆ, ಆದರೆ ಅವರ ಮುಖ ನೋಡಿದರೆ ಸಾಕಾಗಿತ್ತು.

ಶ್ರೀಮತಿಯವರು ತಮ್ಮ ಚೀಲ ಇಳಿಸಿದರು. ‘ಸಾಕ್ ಬಿಡ್ರಿ. ಇಬ್ರೂ ಕೂಡೇ ಬಂದೀವಿ, ಇಬ್ರೂ ಕೂಡೇ ಬಿಡೂಣು’ ಎಂದರು.

‘ನಿನ್ನ ಕಾಲಿಗೆ ಏನಾಗೇತಿ?’

‘ಏನೂ ಆಗಿಲ್ಲ.’

‘ಹಂಗಾರ ನೀ ಯಾಕ ಬಿಡ್ತಿ? ನಡಿ.’

‘ರಾತ್ರಿ ಐತ್ರೀ. ಒಬ್ಬಾಕಿನs ಹೆಂಗ ಹೋಗ್ಲಿ?’

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷಗಳ ಸಂಸಾರದಲ್ಲಿ ಅವರನ್ನು ಒಬ್ಬರೇ ರಾತ್ರಿ ಬಸ್ಸಿಗೆ ಹತ್ತಿಸಿದವರಲ್ಲ ನಾವು. ಪಾದಯಾತ್ರೆಯಲ್ಲಿಯೂ ಮುಂದೆ ನಾವು, ಹಿಂದೆ ಅವರು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕಮಹಾದೇವಿ ಒಬ್ಬಳೇ ನಡೆದಳೆಂದು ವೇದಿಕೆಗಳ ಮೇಲೆ ಕೈಯೆತ್ತಿ ಭಾಷಣ ಮಾಡಿದವರೇ ನಾವು. ಮನೆಯಾಕೆಯನ್ನು ಕಳಿಸುವ ಹೊತ್ತು ಬಂದಾಗ ಗಂಟಲು ಕಟ್ಟಿತು. ಒಂಟೆಗಳ ಕೊರಳ ಸದ್ದು ಹತ್ತಿರವಾಗುತ್ತಿತ್ತು. ಶ್ರೀಮತಿಯವರು ಆ ಕಡೆಗೊಮ್ಮೆ, ಮುಂದಿನ ಕತ್ತಲೆಗೊಮ್ಮೆ ನೋಡಿ, ಚೀಲವನ್ನು ಮತ್ತೆ ಹೆಗಲಿಗೇರಿಸಿದರು.

ಓಟ ಬಿಟ್ಟವನು ಹೊರಗಿನವನಾಗುತ್ತಾನೆ. ಹೊರಗಿನವನು ಏನನ್ನೂ ಕೊಡುವಂತಿಲ್ಲ. ಆದರೆ ಎದೆಯ ಸಂಖ್ಯೆಯನ್ನು ಬಿಚ್ಚಿ ಒಪ್ಪಿಸುವವರೆಗೆ ನಾವೂ ಓಟದವರೇ, ಓಟದವರು ತಮ್ಮತಮ್ಮಲ್ಲಿ ಹಂಚಿಕೊಂಡರೆ ಬೇಡವೆನ್ನುವವರಿಲ್ಲ. ಆದುದರಿಂದ ಮೊದಲು ನಮ್ಮ ಚೀಲದಲ್ಲಿದ್ದ ನಾಲ್ಕು ಅಂಟಿನುಂಡೆ, ಪುಡಿಯಾಗಿದ್ದ ರೊಟ್ಟಿಯ ಚೀಲ, ತಲೆದೀಪದ ಹೊಸ ಸೆಲ್ಲುಗಳು ಇವನ್ನು ಅವರ ಚೀಲಕ್ಕೆ ಸೇರಿಸಿ, ಬಳಿಕ ಸಂಖ್ಯೆ ಬಿಚ್ಚಿಕೊಟ್ಟೆವು. ಅವರ ಬೆನ್ನಿಗೆ ಕಟ್ಟಿದ್ದ ಹೊಳೆಯುವ ಕಡ್ಡಿಯ ಬೆಳಕು ಬಹಳ ಹೊತ್ತು ಕಾಣುತ್ತಿತ್ತು.

ಇಲ್ಲಿಂದ ಮುಂದೆ ‘ನಾವು’ ಎಂದು ಬರೆದಲ್ಲಿ ಓದುಗರು ಒಬ್ಬನೇ ಎಂದು ತಿಳಿಯಬೇಕು. ರೂಢಿಯ ಮಾತು ಕೈಬಿಡುತ್ತಿಲ್ಲ, ಅಷ್ಟೆ.

ನಮ್ಮನ್ನು ವಾಹನದಲ್ಲಿ ಮುಂದಿನ ಬಿಡಾರಕ್ಕೆ ತಂದರು. ಮಲಗಿ ಎಂದರು, ಮಲಗಲಿಲ್ಲ. ಗಡಿಗೆರೆಯ ಬಳಿ ಕಂಬಳಿ ಹೊದ್ದು ಕುಳಿತೆವು. ದಾರಿ ತೋರಲೆಂದು ಹಸಿರು ಬಣ್ಣದ ಲೇಸರ್ ಕಿರಣವೊಂದನ್ನು ಆಕಾಶಕ್ಕೆ ಚಾಚಿದ್ದರು. ದೂರದಲ್ಲಿ ತಲೆದೀಪಗಳು, ಕಾರ್ತಿಕದಲ್ಲಿ ಹೊಳೆಗೆ ಬಿಟ್ಟ ಹಣತೆಗಳಂತೆ, ಒಂದೊಂದಾಗಿ ಬರುತ್ತಿದ್ದುವು. ಪ್ರತಿಯೊಂದನ್ನೂ ಅವರೇ ಎಂದುಕೊಂಡು ಎದ್ದು ನಿಲ್ಲುವುದು, ಅಲ್ಲವೆಂದು ಕೂಡುವುದು. ಅಂಗೈಯಲ್ಲಿ ಲಿಂಗವಿತ್ತು. ಬೇಡಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಆ ರಾತ್ರಿ ನಡೆದುದನ್ನು ಅವರ ಬಾಯಿಂದ ಕೇಳಿದಂತೆ ಹೇಳುತ್ತೇವೆ. ಮೊದಲ ಎರಡು ತಾಸು ಭಯವಿತ್ತಂತೆ; ಬಳಿಕ ನಕ್ಷತ್ರಗಳು ಇಷ್ಟು ಕೆಳಗಿವೆಯಲ್ಲ ಎಂದು ನೋಡುತ್ತ ಭಯ ಮರೆತುಹೋಯಿತಂತೆ. ಎರಡು ತಾಣಗಳ ನಡುವೆ ಒಬ್ಬ ಮಧ್ಯವಯಸ್ಕರು ಮರಳಿನಲ್ಲಿ ಕುಳಿತು ನಡುಗುತ್ತಿದ್ದರು. ತಿಂದುದೆಲ್ಲ ವಾಂತಿಯಾಗಿ, ಸಿಹಿಯ ಪೊಟ್ಟಣ ಕಂಡರೆ ಹೇಸಿಕೆಯಾಗುತ್ತಿತ್ತು. ಇವರು ರೊಟ್ಟಿಯ ಪುಡಿಗೆ ಉಪ್ಪು ಬೆರೆಸಿ, ಸ್ವಲ್ಪ ನೀರಿನಲ್ಲಿ ನೆನೆಸಿ, ಕಾಯಿಲೆಯಾದ ಮಗುವಿಗೆ ಉಣಿಸುವಂತೆ ತುತ್ತುತುತ್ತಾಗಿ ಕೊಟ್ಟರಂತೆ. ನೀರು ಅವರ ಪಾಲಿನದು. ಮುಂದಿನ ತಾಣ ಇನ್ನೂ ಒಂದೂವರೆ ತಾಸಿನ ದಾರಿ. ಅರ್ಧ ಗಂಟೆಯ ಬಳಿಕ ಆತ ಎದ್ದರು. ಇವರ ಬೆನ್ನ ಬೆಳಕನ್ನು ಹಿಡಿದು ಹಿಂದೆಯೇ ಬಂದರು. ಭಾಷೆಯಿಲ್ಲದ ಕಾರಣ ಮಾತಿಲ್ಲ. ‘ಅವರು ಹಿಂದ ಇದ್ದದ್ದು ನನಗs ಛಲೋ ಆತ್ರೀ’ ಎಂದು ಶ್ರೀಮತಿಯವರು ಈಗಲೂ ಅನ್ನುತ್ತಾರೆ.

ಮೂಡಣ ಬಿಳುಪೇರುವ ಹೊತ್ತಿಗೆ ಎರಡು ದೀಪಗಳು ಒಟ್ಟಿಗೆ ಬಂದುವು. ಗಡಿಗೆರೆ ದಾಟಿದವರಿಗೆ ಅಲ್ಲಿ ಒಂದು ಲೋಟ ಪುದೀನಾ ಹಾಕಿದ ಸಿಹಿ ಚಹಾ ಕೊಡುತ್ತಾರೆ. ಅವರು ಅದರಲ್ಲಿ ಅರ್ಧ ಕುಡಿದು, ಉಳಿದುದನ್ನು ನಮ್ಮ ಕೈಗಿತ್ತು, ‘ಕಾಲು ಹೆಂಗೈತ್ರಿ?’ ಎಂದರು.

ಮರುದಿನ ವಿಶ್ರಾಂತಿ. ಆ ಹಿರಿಯರು ನಮ್ಮ ಗುಡಾರವನ್ನು ಹುಡುಕಿಕೊಂಡು ಬಂದು, ಬಾದಾಮಿಯ ಪೊಟ್ಟಣವೊಂದನ್ನು ಶ್ರೀಮತಿಯವರ ಮುಂದಿಟ್ಟರು. ಅದು ಆತನ ಒಂದು ಹೊತ್ತಿನ ಊಟವೆಂದು ನೋಡಿದವರಿಗೆಲ್ಲ ಗೊತ್ತು. ಅಲ್ಲಿ ಯಾರ ಚೀಲದಲ್ಲಿಯೂ ಮಿಕ್ಕುವಷ್ಟು ಇರುವುದಿಲ್ಲ. ಮನೆಯಲ್ಲಿ ಕಣಜ ತುಂಬಿಟ್ಟುಕೊಂಡು ಜಾತ್ರೆಗೆ ಎರಡು ಚೀಲ ಜೋಳ ಕಳಿಸಿ ನಾವು ದಾಸೋಹವೆಂದು ರಸೀದಿ ಪಡೆದದ್ದು ನೆನಪಾಯಿತು. ಶ್ರೀಮತಿಯವರು ಬೇಡವೆಂದರು, ಆತ ಎತ್ತಿಕೊಳ್ಳಲಿಲ್ಲ. ಕಡೆಗೆ ಪೊಟ್ಟಣ ಒಡೆದು, ಎಣಿಸಿ, ಸಮಪಾಲು ಮಾಡಿ, ಅರ್ಧವನ್ನು ಆತನ ಕೈಗೇ ಸುರಿದರು. ನಮಗೆ ಮಾತ್ರ ಒಂದೂ ಸಿಗಲಿಲ್ಲ. ನಾವು ಹೊರಗಿನವರು!

ಮುಂದಿನ ದಿನ 42 ಕಿ.ಮೀ.ಗಳ ಪೂರ್ಣ ಮ್ಯಾರಥಾನು. ಅದನ್ನೂ ಅವರು ಒಬ್ಬರೇ ನಡೆದು ಮುಗಿಸಿದರು. ಪದಕವನ್ನು ಬಾವೆರ್ ಅವರೇ ಪ್ರತಿಯೊಬ್ಬರ ಕೊರಳಿಗೆ ಹಾಕಿ ಅಪ್ಪಿಕೊಳ್ಳುತ್ತಿದ್ದರು. ಶ್ರೀಮತಿಯವರು ಅಪ್ಪುಗೆಗೆ ಮುನ್ನವೇ ಎರಡೂ ಕೈ ಜೋಡಿಸಿ ‘ಶರಣು’ ಎಂದುಬಿಟ್ಟರು. ಆತನೂ ಕೈ ಜೋಡಿಸಿದ. ಕೊನೆಯ ದಿನ ಮಕ್ಕಳ ಸೇವಾಕಾರ್ಯದ ಸಹಾಯಾರ್ಥ ಆರು ಕಿ.ಮೀ.ಗಳ ನಡಿಗೆ. ನಾವು ಕುಂಟುತ್ತ ಒಂದು ಫರ್ಲಾಂಗು ಜೊತೆಗೆ ಹೋಗಿ, ಹಿಂದಿರುಗಿ ಬಸ್ಸಿನಲ್ಲಿ ಕುಳಿತೆವು. ವರ್ಝಾಝತ್ ಪಟ್ಟಣಕ್ಕೆ ದಾರಿಯುದ್ದಕ್ಕೂ ಕೆಂಪು ಮಣ್ಣಿನ ಕೋಟೆಮನೆಗಳು, ಖರ್ಜೂರದ ತೋಪುಗಳು. ನಾವು ನೋಡುತ್ತ ಬಂದೆವು. ಅವರು ನಿದ್ದೆ ಮಾಡುತ್ತ ಬಂದರು.

ಕಾಲು ಮಾಯಲು ಎರಡು ತಿಂಗಳು ಹಿಡಿಯಿತು. ಮುಂದಿನ ವರ್ಷ, 2020ರ ಮಾರ್ಚ್ 25ರ ಯುಗಾದಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿತ್ತು. ಶ್ರೀಶೈಲಕ್ಕೆ ಹೋಗುವ ಮಾತೇ ಇರಲಿಲ್ಲ. ಆ ದಿನಗಳಲ್ಲಿ ಒಮ್ಮೆ ಹಳೆಯ ಸಾಮಾನು ಝಾಡಿಸುವಾಗ ನಮ್ಮ ಬೂಟುಗಳು ಸಿಕ್ಕವು. ಒಳಗಿನಿಂದ ಒಂದು ಹಿಡಿಯಷ್ಟು ಕೆಂಪು ಮರಳು ಉದುರಿತು. ಬಾಯಿಬಿಟ್ಟ ಗವಸು ಹಾಗೆಯೇ ಇತ್ತು. ಅಂಗಡಿಗಳು ತೆರೆದ ಮೇಲೆ ಅವನ್ನು ಆ ಹಿರಿಯರ ಬಳಿಗೆ ಒಯ್ದೆವು. ಅವರು ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಟಿನ ಕಲೆಯನ್ನು ಉಗುರಿನಿಂದ ಕೆರೆದರು.

‘ಅಕ್ಕಾರು ತಂದಾಗ ಇವನ್ನೂ ಕೂಡೇ ತರೂದಲ್ಲೇನ್ರೀ ಅಪ್ಪಾರ?’ ಎಂದರು.

ನಾವು ಸುಮ್ಮನೆ ನಿಂತೆವು. ಅವರು ದಾರಕ್ಕೆ ಮೇಣ ಎಳೆದು, ಅರ್ಧ ಗಂಟೆಯೊಳಗೆ ಎರಡನ್ನೂ ಹೊಲಿದು ಕೊಟ್ಟರು.